ರೋಮಾ ಜನರಿಗೆ ಆ ಹೆಸರು ಬಂದಿದ್ದು ಹೇಗೆ? ರೋಮ್ ನಗರಕ್ಕೂ ರೊಮೇನಿಯಾಕ್ಕೂ ಸಂಬಂಧ ಇದೆಯಾ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಾನಿರುವುದು ಜರ್ಮನಿಯಲ್ಲಿ. ಇಲ್ಲಿ ಅಂಗಡಿಗಳಲ್ಲಿ ದೊಣ್ಣೆಮೆಣಸು ಹಾಕಿದ ಕೆಂಪು ಸಾಸ್ ಒಂದು ಸಿಗುತ್ತದೆ. ಅದಕ್ಕೆ ಮೊದಲು ತ್ಸಿಗೊಯ್ನರ್ ಸಾಸ್ ಅಂತಿದ್ದರು, ಅಂದರೆ ಜಿಪ್ಸಿ ಸಾಸ್. 2020ರಲ್ಲಿ ಒಂದು ದೊಡ್ಡ ಕಂಪನಿ ಆ ಹೆಸರು ತೆಗೆದು ಹಂಗೇರಿ ಶೈಲಿಯ ಪ್ಯಾಪ್ರಿಕಾ ಸಾಸ್ ಅಂತ ಮಾಡಿತು. ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಇದೇ ಮಾತು ಬಂತು. ಆ ಪದ ಬೈಗುಳ ಇದ್ದಂತೆ, ಆ ಜನರನ್ನು ಸಿಂಟಿ (ಜರ್ಮನಿ ಕಡೆಯ ಗುಂಪು) ಮತ್ತು ರೋಮಾ ಅನ್ನಬೇಕು ಅಂತ ಒಬ್ಬರು. ಇನ್ನೊಬ್ಬರು ನನ್ನ ಕಡೆ ತಿರುಗಿ, ಅವರು ನಿಮ್ಮ ದೇಶದಿಂದಲೇ ಬಂದವರಲ್ವಾ ಅಂದರು. ನಾನು ನಕ್ಕು ಸುಮ್ಮನಾದೆ.

ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ. ರೋಮಾ ಅಂದರೆ ಏನು? ರೋಮ್‌ನಿಂದ ಬಂದವರಾ, ರೊಮೇನಿಯಾದವರಾ? ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ "ರಾಮನ ಮಕ್ಕಳು, ಅದಕ್ಕೇ ರೋಮಾ" ಅಂತ ಒಂದು ಫಾರ್ವರ್ಡ್ ಓಡಾಡುತ್ತಿದೆ. ಚಿಕ್ಕಪ್ಪ ಮಾತ್ರ "ಅವರು ನಮ್ಮ ಲಂಬಾಣಿಗಳೇ ಕಣೋ" ಅಂತಾರೆ. ಯಾವುದು ಸರಿ?

ಕಾಫಿಪುಡಿ
ನನಗೆ ಗೊತ್ತಿರುವ ಜಿಪ್ಸಿ ಮಾರುತಿ ಜಿಪ್ಸಿ ಒಂದೇ. ಸಕಲೇಶಪುರದ ಎಸ್ಟೇಟುಗಳಲ್ಲಿ ಇನ್ನೂ ಓಡುತ್ತಿವೆ. ಮುಂದುವರಿಸಿ.

ಭಾಷೆಹುಚ್ಚು
ರೋಮ್ ನಗರ, ರೊಮೇನಿಯಾ ಎರಡನ್ನೂ ಮೊದಲು ಪಕ್ಕಕ್ಕಿಡಿ. ರೊಮೇನಿಯಾ ಬಂದಿದ್ದು ಲ್ಯಾಟಿನ್‌ನ ರೊಮಾನುಸ್‌ನಿಂದ, ಅಂದರೆ ರೋಮಿನವನು. ಇವರ ಹೆಸರಿನ ದಾರಿ ಬೇರೆ.

ಅವರ ಭಾಷೆ ರೋಮಾನಿಯಲ್ಲಿ "ರೋಮ್" ಅಂದರೆ ಗಂಡಸು, ಗಂಡ. "ರೋಮ್ನಿ" ಅಂದರೆ ಹೆಂಗಸು, ಹೆಂಡತಿ. "ರೋಮಾ" ಅದರ ಬಹುವಚನ. ಆದರೆ ಯಾವ ಗಂಡಸನ್ನು ಬೇಕಾದರೂ ರೋಮ್ ಅನ್ನುವುದಿಲ್ಲ. ತಮ್ಮವನಾದರೆ ಮಾತ್ರ ರೋಮ್, ಹೊರಗಿನವನು ಗಾಜೋ.

ಈ ರೋಮ್ ಎಲ್ಲಿಂದ ಬಂತು ಅಂದರೆ ಹೆಚ್ಚಿನ ಭಾಷಾಪಂಡಿತರು ತೋರಿಸುವುದು ಸಂಸ್ಕೃತದ "ಡೊಂಬ", ಆಮೇಲೆ "ಡೋಮ್". ಹಾಡು, ಕುಣಿತ, ಆಟ, ಕೈಕಸುಬು ಮಾಡಿಕೊಂಡು ಊರೂರು ತಿರುಗುವವರಿಗೆ ಇದ್ದ ಹೆಸರು. ಸುಮ್ನೆ ಸದ್ದು ಹೋಲುತ್ತದೆ ಅಂತ ಹೇಳಿದ್ದಲ್ಲ. ಸಿರಿಯಾ, ಪ್ಯಾಲೆಸ್ಟೈನ್ ಕಡೆ ಇದೇ ರೀತಿ ಭಾರತದ ಮೂಲದ ಜನ ಇದ್ದಾರೆ, ಅವರು ತಮ್ಮನ್ನು "ಡೋಮ್" ಅನ್ನುತ್ತಾರೆ. ಅರ್ಮೇನಿಯಾದಲ್ಲಿ "ಲೋಮ್". ಯುರೋಪಿನಲ್ಲಿ "ರೋಮ್". ಹಳೆಯ ಮೂರ್ಧನ್ಯ ಡಕಾರ ಒಂದು ಕಡೆ ದಕಾರದ ಹಾಗೆ ಉಳಿಯಿತು, ಒಂದು ಕಡೆ ಲ ಆಯಿತು, ಒಂದು ಕಡೆ ರ ಆಯಿತು. ಬೇರೆ ಪದಗಳಲ್ಲೂ ಹೀಗೇ ಆಗಿದೆ. ಉತ್ತರದಲ್ಲಿ ಸೌಟಿಗೆ "ಡೋಯಿ" ಅಂತಾರಲ್ಲ, ರೋಮಾನಿಯಲ್ಲಿ ಚಮಚಕ್ಕೆ "ರೋಯ್". ಇದೇನು ವಿಚಿತ್ರವೂ ಅಲ್ಲ. ಮರಾಠಿಯವರ ಘೋಡಾ ಹಿಂದಿಯವರ ಬಾಯಲ್ಲಿ ಅರ್ಧ ರಕಾರ ಆಗುವುದನ್ನು ನಾವೇ ಕೇಳುತ್ತೇವೆ.

ರಾಯಚೂರ್ ಬಿಸಿಲು
ಡೊಂಬದಿಂದ ರೋಮ್ ಆಗಬಹುದು, ರಾಮದಿಂದ ಆಗಬಾರದಾ? ರಾಮ, ರೋಮ. ಒಂದು ಕೊಂಬು ಜಾಸ್ತಿ ಅಷ್ಟೇ. ಇಂಗ್ಲಿಷಿನವರು ಹೇಳಿದ್ದನ್ನೇ ನಂಬುವ ಚಾಳಿ ನಮ್ಮದು.

ಭಾಷೆಹುಚ್ಚು
ಆಗಲ್ಲ ಸರ್. ರೋಮಾನಿಯ ಕೆಲವು ಒಳಭಾಷೆಗಳಲ್ಲಿ, ಉದಾಹರಣೆಗೆ ಕಾಲ್ಡೆರಾಶ್‌ನಲ್ಲಿ, ಎರಡು ಬಗೆಯ ರಕಾರ ಇದೆ. ಮೊದಲಿನಿಂದ ರ ಆಗಿದ್ದದ್ದಕ್ಕೆ ಸಾದಾ ರ. ಹಳೆಯ ಡಕಾರದಿಂದ ಬಂದದ್ದಕ್ಕೆ ಒರಟಾದ ಇನ್ನೊಂದು ರ. ರೋಮ್‌ನಲ್ಲಿರುವುದು ಆ ಒರಟು ರ. ರಾಮನಿಂದ ಬಂದಿದ್ದರೆ ಸಾದಾ ರ ಇರಬೇಕಿತ್ತು. ನಮ್ಮ ಹಳಗನ್ನಡದಲ್ಲೂ ರ, ಱ ಅಂತ ಎರಡಿದ್ದವಲ್ಲ, ಹಾಗೆಯೇ ಕಿವಿಗೆ ಎರಡೂ ಬೇರೆ ಕೇಳುತ್ತವೆ.

ರಾಯಚೂರ್ ಬಿಸಿಲು
ವಾದಕ್ಕೆ ಒಪ್ಪಿದೆ. ಮನಸ್ಸಿಗೆ ಒಪ್ಪಲಿಲ್ಲ.

ಪುಸ್ತಕದ ಹುಳು
ಡೊಂಬರ ಪ್ರಸ್ತಾಪ ಕಲ್ಹಣನ ರಾಜತರಂಗಿಣಿಯಲ್ಲೇ ಇದೆ. ಹತ್ತನೇ ಶತಮಾನದ ಕಾಶ್ಮೀರದ ರಾಜ ಚಕ್ರವರ್ಮ ರಂಗ ಅನ್ನುವ ಡೊಂಬ ಗಾಯಕನ ಹಾಡು ಕೇಳಲು ಕೂತು, ಅವನ ಇಬ್ಬರು ಹೆಣ್ಣುಮಕ್ಕಳಿಗೆ ಮನಸೋಲುತ್ತಾನೆ. ಹಂಸಿ ಮತ್ತು ನಾಗಲತಾ. ಹಂಸಿಯನ್ನು ಪಟ್ಟದ ರಾಣಿ ಮಾಡುತ್ತಾನೆ. ಕಲ್ಹಣನಿಗೆ ಇದು ಸ್ವಲ್ಪವೂ ಹಿಡಿಸಿಲ್ಲ, ಬೈದುಕೊಂಡೇ ಬರೆದಿದ್ದಾನೆ. ಅಲ್ಲಿಗೆ ಡೊಂಬ ಅನ್ನುವ ಹೆಸರೂ ಹಳೆಯದು, ಅದರ ಬೆನ್ನಿಗಿರುವ ತಾತ್ಸಾರವೂ ಹಳೆಯದು.

ಇನ್ನೊಂದು ಕಥೆ ಫಿರ್ದೂಸಿಯ ಶಾಹನಾಮೆಯಲ್ಲಿದೆ. ಪರ್ಷಿಯಾದ ರಾಜ ಬಹರಾಮ್ ಗೂರ್ ಭಾರತದ ರಾಜನಿಂದ ಸಾವಿರಾರು ಲೂರಿ ವಾದ್ಯಗಾರರನ್ನು ಕರೆಸುತ್ತಾನೆ. ಅವರಿಗೆ ಎತ್ತು, ಬಿತ್ತನೆಗೆ ಗೋಧಿ ಕೊಡುತ್ತಾನೆ. ಅವರು ಎರಡನ್ನೂ ತಿಂದು ಮುಗಿಸಿ ವಾಪಸ್ ಬಂದು ನಿಲ್ಲುತ್ತಾರೆ. ಸಿಟ್ಟಾದ ರಾಜ, ಹಾಡಿಕೊಂಡು ತಿರುಗಿ ಹೋಗಿ ಅಂತ ಕಳಿಸಿಬಿಡುತ್ತಾನೆ. ಇದು ರೋಮಾ ಜನರದೇ ಕಥೆ ಅಂತ ತುಂಬಾ ಕಡೆ ಬರೆಯುತ್ತಾರೆ.

ಭಾಷೆಹುಚ್ಚು
ಕಥೆ ಚೆನ್ನಾಗಿದೆ, ಕಾಲ ಕೂಡುವುದಿಲ್ಲ. ಬಹರಾಮ್ ಐದನೇ ಶತಮಾನದವನು. ರೋಮಾನಿಯಲ್ಲಿ ಎರಡೇ ಲಿಂಗ, ಗಂಡು ಮತ್ತು ಹೆಣ್ಣು. ಸಂಸ್ಕೃತದಲ್ಲಿದ್ದ ನಪುಂಸಕ ಲಿಂಗ ಉತ್ತರದ ಭಾಷೆಗಳಲ್ಲಿ ಬಿದ್ದುಹೋಗಿದ್ದು ಬಹಳ ತಡವಾಗಿ, ಸುಮಾರು 1000ನೇ ಇಸವಿಯ ಆಸುಪಾಸಿನಲ್ಲಿ. ಆ ಬದಲಾವಣೆ ರೋಮಾನಿಯಲ್ಲೂ ಆಗಿದೆ ಅಂದರೆ ಅಲ್ಲಿಯವರೆಗೆ ಅವರು ಇಲ್ಲೇ ಎಲ್ಲೋ ಇದ್ದರು. ಜೀನ್ ಅಧ್ಯಯನ ಮಾಡಿದವರು ಮಾತ್ರ ಹೊರಟ ಕಾಲವನ್ನು ಇನ್ನೂ ಹಿಂದಕ್ಕೆ, ಇವತ್ತಿಗೆ ಸುಮಾರು 1500 ವರ್ಷ ಹಿಂದಕ್ಕೆ ಒಯ್ಯುತ್ತಾರೆ. ಆ ಜಗಳ ಇನ್ನೂ ಇದೆ.

ಬುಡಾ-ಪೆಸ್ಟ್-ಮಂಡ್ಯ
ನಾನು ಹಂಗೇರಿಯಲ್ಲಿರುವವಳು. ಇಲ್ಲಿ "ಸಿಗಾನ್ಯ್" ಅಂತಾರೆ. ಜರ್ಮನ್ನರ ತ್ಸಿಗೊಯ್ನರ್, ಫ್ರೆಂಚರ ತ್ಸಿಗಾನ್, ರೊಮೇನಿಯಾದ ತ್ಸಿಗಾನ್, ತುರ್ಕಿಯ ಚಿಂಗೆನೆ ಎಲ್ಲಾ ಒಂದೇ ಬೇರಿನವು. ಬೇರು ಗ್ರೀಕಿನ "ಅತ್ಸಿಂಗಾನೋಯ್". ಅದು "ಅಥಿಂಗಾನೋಯ್" ಅನ್ನುವ ಪಂಥದ ಹೆಸರಿನಿಂದ ಬಂದಿದ್ದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅರ್ಥ ಏನು ಗೊತ್ತಾ? ಮುಟ್ಟದವರು. ಆ ಪಂಥದವರಿಗೂ ರೋಮಾ ಜನರಿಗೂ ಸಂಬಂಧವೇ ಇರಲಿಲ್ಲ. ಇಬ್ಬರೂ ಭವಿಷ್ಯ ಹೇಳುತ್ತಾರೆ, ಮಾಟ ಮಾಡುತ್ತಾರೆ ಅಂತ ಜನ ಇಬ್ಬರನ್ನೂ ಒಂದೇ ಹೆಸರಿಗೆ ಕಟ್ಟಿಹಾಕಿದರು.

ಆದರೆ ಒಂದು ಮಾತು. ಇಲ್ಲಿಯ ಎಷ್ಟೋ ಜನ ತಮ್ಮನ್ನು ತಾವೇ ಸಿಗಾನ್ಯ್ ಅಂತ ಹೇಳಿಕೊಳ್ಳುತ್ತಾರೆ. ಸಂಗೀತಗಾರರಂತೂ ಹೆಮ್ಮೆಯಿಂದ. ಹೊರಗಿನವರು ಯಾವ ದನಿಯಲ್ಲಿ ಅನ್ನುತ್ತಾರೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ದೂರದಲ್ಲಿ ಕೂತು ಪಟ್ಟಿ ಮಾಡುವಷ್ಟು ಸಲೀಸಲ್ಲ ಇದು.

ಕಾಫಿಪುಡಿ
ಹಾಗಾದರೆ ಜಿಪ್ಸಿ?

ಬುಡಾ-ಪೆಸ್ಟ್-ಮಂಡ್ಯ
ಈಜಿಪ್ಟ್. ಈಜಿಪ್ಷಿಯನ್ ಸವೆದು ಜಿಪ್ಸಿ ಆಯಿತು. ಸ್ಪೇನಿನ ಹಿತಾನೋ ಕೂಡ ಅದೇ. ಹದಿನೈದನೇ ಶತಮಾನದಲ್ಲಿ ಪಶ್ಚಿಮ ಯುರೋಪಿಗೆ ಬಂದ ಗುಂಪುಗಳ ನಾಯಕರು ತಮ್ಮನ್ನು "ಪುಟ್ಟ ಈಜಿಪ್ಟಿನ" ದೊರೆಗಳು ಅಂತ ಪರಿಚಯಿಸಿಕೊಳ್ಳುತ್ತಿದ್ದರು, ಪಾಪ ಕಳೆಯಲು ಯಾತ್ರೆ ಹೊರಟಿದ್ದೇವೆ ಅಂತಿದ್ದರು. ಯಾತ್ರಿಗಳು ಅಂದರೆ ಊಟ, ಜಾಗ, ಕಾಸು ಸಿಗುತ್ತಿತ್ತಲ್ಲ. ಗ್ರೀಸಿನ ಮೆಥೋನಿ ಬಂದರಿನ ಹತ್ತಿರ ಅವರಿದ್ದ ಜಾಗಕ್ಕೇ ಪುಟ್ಟ ಈಜಿಪ್ಟ್ ಅಂತ ಹೆಸರಿತ್ತು ಅಂತಲೂ ಹೇಳುತ್ತಾರೆ. 1427ರಲ್ಲಿ ಪ್ಯಾರಿಸ್‌ಗೂ ಹೀಗೇ ಹೇಳಿಕೊಂಡು ಬಂದರು. ಮೊದಲು ಮರ್ಯಾದೆ ಕೊಟ್ಟರು, ಆಮೇಲೆ ಓಡಿಸಿದರು. ಇಂಗ್ಲೆಂಡಿನಲ್ಲಿ 1530ರಲ್ಲಿ ಅವರನ್ನು ಹೊರಹಾಕಲು ಮಾಡಿದ ಕಾನೂನಿನ ಹೆಸರೇ ಈಜಿಪ್ಷಿಯನ್ನರ ಕಾಯ್ದೆ.

ಫ್ರೆಂಚರ ಬೊಹೇಮಿಯನ್ ಇನ್ನೂ ತಮಾಷೆ. ಬೊಹೇಮಿಯಾಕ್ಕೂ (ಈಗಿನ ಚೆಕ್ ನಾಡು) ದೊರೆಯಾಗಿದ್ದ ಸಿಗಿಸ್ಮಂಡ್ ಕೊಟ್ಟ ರಕ್ಷಣಾ ಪತ್ರ ಅವರ ಕೈಯಲ್ಲಿತ್ತು. ಪತ್ರ ಅಲ್ಲಿಯದು, ಹಾಗಾಗಿ ಜನವೂ ಅಲ್ಲಿಯವರೇ! ಈಗ ಗಡ್ಡ ಬಿಟ್ಟ ಕಲಾವಿದರಿಗೆಲ್ಲಾ ಬೊಹೇಮಿಯನ್ ಅಂತಾರೆ.

ಬೆಣ್ಣೆದೋಸೆ
ಹಾಗಾದರೆ ನಮ್ಮ ದೊಂಬರಾಟದ ದೊಂಬ ಮತ್ತು ಇವರ ರೋಮ್ ಒಂದೇ ಪದ ಅಂತಾಯಿತು! ಚಿಕ್ಕಂದಿನಲ್ಲಿ ನಮ್ಮ ಊರಿಗೆ ಬರುತ್ತಿದ್ದರು. ಎರಡು ಗಳ ನೆಟ್ಟು, ಹಗ್ಗ ಕಟ್ಟಿ, ಪುಟ್ಟ ಹುಡುಗಿ ಅದರ ಮೇಲೆ ನಡೆಯುತ್ತಿದ್ದಳು, ಕೆಳಗೆ ಅವಳಪ್ಪ ಡೋಲು ಬಡಿಯುತ್ತಿದ್ದ. ಅವರ ನೆಂಟರು ಯುರೋಪಿನಲ್ಲಿದ್ದಾರೆ ಅಂದರೆ ಮೈ ಜುಂ ಅನ್ನುತ್ತದೆ.

ಭಾಷೆಹುಚ್ಚು
ಪದ ಒಂದೇ ಇರಬಹುದು, ಜನ ಒಂದೇ ಅಂತ ಅಲ್ಲ. ನಮ್ಮ ಕಡೆ ದೊಂಬರು ಕನ್ನಡ, ತೆಲುಗು ಆಡುವವರು. ಡೊಂಬ ಅನ್ನುವುದು ದೇಶದ ತುಂಬಾ ಬೇರೆ ಬೇರೆ ಜನರಿಗೆ ಅಂಟಿಸಿದ ಹೆಸರು. ಬಂಗಾಳದ ಡೋಮರು ಬೇರೆ, ಕಾಶಿಯ ಮಣಿಕರ್ಣಿಕಾ ಘಾಟಿನ ಡೋಮರು ಬೇರೆ, ಇವರು ಬೇರೆ. ನೆಂಟಸ್ತಿಕೆ ಕಟ್ಟಬೇಡಿ.

ಹಗ್ಗದ ಮೇಲೆ
ನಾನು ಅದೇ ಸಮುದಾಯದವನು, ಅದಕ್ಕೇ ಬರೆಯುತ್ತಿದ್ದೇನೆ. ಟಿವಿಯವರು ದಿನಾ "ರಾಜಕೀಯ ದೊಂಬರಾಟ" ಅಂತ ಪಟ್ಟಿ ಓಡಿಸುತ್ತಾರೆ. ಪಕ್ಷ ಬಿಟ್ಟವನಿಗೂ ಅದೇ, ಮಾತು ತಪ್ಪಿದವನಿಗೂ ಅದೇ. ನಮ್ಮಜ್ಜಿ ಆ ಹಗ್ಗದ ಮೇಲೆ ನಡೆದು ಮಕ್ಕಳನ್ನು ಸಾಕಿದವಳು. ಜರ್ಮನಿಯವರು ಸಾಸಿನ ಹೆಸರು ಬದಲಾಯಿಸಿದರು ಅಂತ ನಾವು ಇಲ್ಲಿ ಮೆಚ್ಚಿಕೊಳ್ಳುತ್ತಿದ್ದೇವೆ. ನಮ್ಮ ಸುದ್ದಿಯವರು ಒಂದು ಪದ ಬಿಡಬಾರದಾ?

ಬೆಣ್ಣೆದೋಸೆ
ಸತ್ಯ ಅಣ್ಣಾ.

ರಾಯಚೂರ್ ಬಿಸಿಲು
ಎಲ್ಲಾ ಪದಕ್ಕೂ ನೋವು ಅಂತ ಕೂತರೆ ಗಾದೆಗಳನ್ನೇ ಸುಡಬೇಕಾಗುತ್ತದೆ.

ಹಗ್ಗದ ಮೇಲೆ
ಕೆಲವನ್ನು ಸುಟ್ಟರೆ ನಷ್ಟ ಇಲ್ಲ ಬಿಡಿ.

ಪುಸ್ತಕದ ಹುಳು
ಇದೇ ಜಗಳ ಅಲ್ಲೂ ಇದೆ. ಡೊಂಬ ಅಂದರೆ ಕೆಳಜಾತಿ ಅಂತ ಗೊತ್ತಾದ ಮೇಲೆ ಕೆಲವು ರೋಮಾ ಬರಹಗಾರರಿಗೆ ಆ ಮೂಲ ಇಷ್ಟ ಆಗಲಿಲ್ಲ. ನಾವು ರಜಪೂತ ಯೋಧರು, ಘಜ್ನಿಯ ಮಹಮೂದನ ದಾಳಿಯ ಕಾಲದಲ್ಲಿ ಹೊರಟವರು ಅನ್ನುವ ವಾದ ಹುಟ್ಟಿತು. ರೋಮ್ ಬಂದಿದ್ದು ಬೈಜಾಂಟಿಯಂನ "ರೂಮ್"ನಿಂದ, ಅಂದರೆ ಪೂರ್ವದ ರೋಮನ್ ಸಾಮ್ರಾಜ್ಯದಿಂದ ಅನ್ನುವವರೂ ಇದ್ದಾರೆ. ಆ ಸಾಮ್ರಾಜ್ಯದ ಅನಾಟೋಲಿಯಾದಲ್ಲಿ, ಅಂದರೆ ಈಗಿನ ತುರ್ಕಿಯಲ್ಲಿ, ಅವರು ಬಹಳ ಕಾಲ ಇದ್ದದ್ದು ನಿಜ. ಗ್ರೀಕ್ ಪದಗಳು ಅವರ ಭಾಷೆಯಲ್ಲಿ ರಾಶಿ ಇವೆ. ಆದರೆ ಗ್ರೀಕ್ ನಾಡನ್ನೇ ಮುಟ್ಟದ ಡೋಮರಿಗೆ ಆ ಹೆಸರು ಹೇಗೆ ಬಂತು, ಅದಕ್ಕೆ ಈ ವಾದದಲ್ಲಿ ಉತ್ತರ ಇಲ್ಲ.

ಏಳು ಸಮುದ್ರ ದಾಟಿದರೂ ಮೇಲ್ಜಾತಿ ಮೂಲ ಬೇಕು ನೋಡಿ.

ತಾಂಡಾದ ಹುಡುಗ
ತುಂಗಾತೀರ ಅವರ ಚಿಕ್ಕಪ್ಪನಿಗೆ ಇದನ್ನು ತೋರಿಸಿ. ಲಂಬಾಣಿಗಳು ರೋಮಾ ಅಲ್ಲ. ನಾವು ನಮ್ಮನ್ನು ಗೋರ್, ಗೋರ್‌ಮಾಟಿ ಅಂತ ಹೇಳಿಕೊಳ್ಳುತ್ತೇವೆ. ಹೊರಗಿನವರು ಕೋರ್. ನಮ್ಮ ಗೋರ್‌ಬೋಲಿ ರಾಜಸ್ಥಾನದ ಭಾಷೆಗಳ ಕಡೆಯದು. ರೋಮಾನಿ ಆ ಗುಂಪಿಗೆ ಸೇರುವುದಿಲ್ಲ. ದನಗಳ ಬೆನ್ನಿಗೆ ಧಾನ್ಯ, ಉಪ್ಪು ಹೇರಿಕೊಂಡು ದಕ್ಷಿಣಕ್ಕೆ ಬಂದವರು ನಾವು, ಸೇನೆಗಳಿಗೆ ಸಾಮಾನು ಸಾಗಿಸಿದವರು. ಅವರು ಹೋಗಿದ್ದು ಪಶ್ಚಿಮಕ್ಕೆ, ಅದೂ ನೂರಾರು ವರ್ಷ ಮೊದಲೇ.

ಗೋವಾದ ಬೀಚಿನಲ್ಲಿ, ಹಂಪಿಯಲ್ಲಿ ನಮ್ಮ ಅಕ್ಕಂದಿರು ಕನ್ನಡಿ ಕೂರಿಸಿದ ಚೀಲ ಮಾರುತ್ತಿದ್ದರೆ ವಿದೇಶಿಯರು ಜಿಪ್ಸಿ ಜಿಪ್ಸಿ ಅಂತ ಫೋಟೋ ತೆಗೆಯುತ್ತಾರೆ. ಯುರೋಪಿನವರು ಈಜಿಪ್ಟ್ ಅಂತ ತಪ್ಪು ತಿಳಿದು ಇಟ್ಟ ಹೆಸರನ್ನು ಸಂಡೂರಿನ ಹೆಣ್ಣುಮಗಳಿಗೆ ಅಂಟಿಸುವುದು ಎಂಥ ವಿಚಿತ್ರ! ನಮ್ಮ ಪತ್ರಿಕೆಗಳೂ ಹಾಗೇ ಬರೆಯುತ್ತವೆ.

ಮೈಸೂರ್ ಮಲ್ಲಿಗೆ
ಹಕ್ಕಿಪಿಕ್ಕಿ ಜನರನ್ನೂ ಹೀಗೇ ಬರೆಯುತ್ತಾರೆ. 2023ರಲ್ಲಿ ಸುಡಾನಿನಲ್ಲಿ ಸಿಕ್ಕಿಹಾಕಿಕೊಂಡಾಗ ಇಡೀ ದೇಶಕ್ಕೆ ಅವರ ಹೆಸರು ಗೊತ್ತಾಯಿತು. ಅವರ ವಾಗ್ರಿ ಭಾಷೆಯೂ ಉತ್ತರದ್ದೇ, ಗುಜರಾತಿ ಕಡೆಯದು. ತಿರುಗಾಡುವವರೆಲ್ಲಾ ಒಂದೇ ಜನ ಅನ್ನುವುದು ಮನೆಯಲ್ಲಿ ಕೂತವರ ಲೆಕ್ಕ.

ಕಾಫಿಪುಡಿ
ನಾನು ಬೆಳಗ್ಗೆಯಿಂದ ಅವರ ಲೆಕ್ಕ ಕಲಿಯುತ್ತಿದ್ದೇನೆ. ಯೆಖ್, ದುಯ್, ತ್ರಿನ್, ಶ್ತಾರ್, ಪಾಂಜ್, ಶೋವ್, ಎಫ್ತಾ, ಓಖ್ತೋ, ಎನ್ಯಾ, ದೇಶ್. ಆರರವರೆಗೆ ಅರ್ಥ ಆಗುತ್ತದೆ, ಏಳಕ್ಕೆ ಎಲ್ಲಿಗೆ ಹೋದರು?

ಬುಡಾ-ಪೆಸ್ಟ್-ಮಂಡ್ಯ
ಗ್ರೀಸಿಗೆ 😀 ಏಳು, ಎಂಟು, ಒಂಬತ್ತು ಗ್ರೀಕಿನಿಂದ ತೆಗೆದುಕೊಂಡಿದ್ದು. ಹತ್ತಕ್ಕೆ ಮತ್ತೆ ಮನೆಗೆ ಬಂದರು. ಮೂಗಿಗೆ ನಾಕ್, ಕಿವಿಗೆ ಕಾನ್, ಕೂದಲಿಗೆ ಬಾಲ್, ನೀರಿಗೆ ಪಾನಿ, ಉಪ್ಪಿಗೆ ಲೋನ್. ದಾರಿಗೆ ಮಾತ್ರ ಗ್ರೀಕಿನ ದ್ರೋಮ್. ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ತ್ರುಶುಲ್. ಕ್ರೈಸ್ತರಾದ ಮೇಲೆ ಶಿಲುಬೆಗೆ ತ್ರಿಶೂಲ ಅಂತಲೇ ಹೆಸರಿಟ್ಟುಕೊಂಡರು!

ತುಂಗಾತೀರ
ಅಬ್ಬಾ, ಸಾಸಿನಿಂದ ಎಲ್ಲಿಗೆ ಬಂದೆವು. ಇವರು ಭಾರತದವರು ಅಂತ ಮೊದಲು ಕಂಡುಹಿಡಿದಿದ್ದು ಯಾರು? ಮಲಬಾರಿನ ವಿದ್ಯಾರ್ಥಿಗಳ ಮಾತು ಕೇಳಿ ಗೊತ್ತಾಯಿತು ಅಂತ ಎಲ್ಲೋ ಓದಿದೆ.

ಪುಸ್ತಕದ ಹುಳು
ಹೌದು, ಆ ಕಥೆ ತುಂಬಾ ಜನ ಹೇಳುತ್ತಾರೆ. ಹದಿನೆಂಟನೇ ಶತಮಾನದಲ್ಲಿ ವಾಲಿ ಅನ್ನುವ ಹಂಗೇರಿಯ ಪಾದ್ರಿ ಹಾಲೆಂಡಿನ ಲೈಡನ್‌ನಲ್ಲಿ ಓದುವಾಗ ಮಲಬಾರಿನ ಮೂವರು ವಿದ್ಯಾರ್ಥಿಗಳಿಂದ ಸಾವಿರ ಪದ ಬರೆದುಕೊಂಡನಂತೆ. ಊರಿಗೆ ಹೋಗಿ ಓದಿ ಹೇಳಿದರೆ ಅಲ್ಲಿಯ ರೋಮಾ ಜನರಿಗೆ ಎಲ್ಲಾ ಅರ್ಥ ಆಯಿತಂತೆ.

ಕಾಸರಗೋಡು ಕನ್ನಡಿಗ
ಮಲಬಾರಿನವರು ಅಂದರೆ ಮಲಯಾಳಂ ಅಲ್ವಾ? ಮಲಯಾಳಂನ ಸಾವಿರ ಪದ ಹಂಗೇರಿಯ ರೋಮಾ ಜನರಿಗೆ ಹೇಗೆ ಅರ್ಥ ಆಗುತ್ತದೆ? ಬೆಂಗಳೂರಿನಲ್ಲಿ ಹುಟ್ಟಿದ ನನ್ನ ಮಕ್ಕಳಿಗೇ ಆಗುವುದಿಲ್ಲ.

ಭಾಷೆಹುಚ್ಚು
ಒಳ್ಳೆಯ ಪ್ರಶ್ನೆ. ಅದಕ್ಕೇ ಆ ಕಥೆಯನ್ನು ಯಾರೂ ಗಟ್ಟಿಯಾಗಿ ನಂಬುವುದಿಲ್ಲ. ಸರಿಯಾಗಿ ಹೋಲಿಸಿ 1782ರಲ್ಲಿ ಪ್ರಕಟಿಸಿದವನು ಜರ್ಮನಿಯ ರ್‍ಯೂಡಿಗರ್. ಅವನು ಒಬ್ಬ ರೋಮಾ ಮಹಿಳೆಯ ಹತ್ತಿರ ಕೂತು ಮಾತು ಬರೆದುಕೊಂಡು ಹಿಂದೂಸ್ತಾನಿ ವ್ಯಾಕರಣದ ಪಕ್ಕ ಇಟ್ಟು ನೋಡಿದ. ಆಮೇಲೆ 1926ರಲ್ಲಿ ಟರ್ನರ್ ಅನ್ನುವವರು ಇನ್ನೂ ನಿಖರವಾಗಿ ತೋರಿಸಿದರು. ಭಾಷೆಯ ಮೂಲ ಮಧ್ಯ ಭಾರತದ ಗುಂಪಿನದು, ಹಿಂದಿಯ ಹಳೆಯ ನೆಂಟರದು. ಆಮೇಲೆ ವಾಯವ್ಯಕ್ಕೆ ಹೋಗಿ ಅಲ್ಲಿ ಬಹಳ ಕಾಲ ಇದ್ದರು, ಅಲ್ಲಿಂದ ಮುಂದಕ್ಕೆ.

ಕಾಸರಗೋಡು ಕನ್ನಡಿಗ
ಸಿಂಟಿ ಅಂದರೆ ಸಿಂಧ್‌ನಿಂದ ಬಂದವರು ಅಂತ ಯೂಟ್ಯೂಬಿನಲ್ಲಿ ಒಬ್ಬರು ಎದೆ ತಟ್ಟಿ ಹೇಳುತ್ತಿದ್ದರು.

ಭಾಷೆಹುಚ್ಚು
ಯೂಟ್ಯೂಬಿನಲ್ಲಿ ಎದೆಗೆ ಏನು ಕಡಿಮೆ. ಸಿಂಧ್ ವಾದ ಹಳೆಯದು, ಭಾಷೆಯವರು ಒಪ್ಪಿಲ್ಲ. ಸಿಂಟಿ ಅನ್ನುವ ಪದ ಯುರೋಪಿನಿಂದ ತೆಗೆದುಕೊಂಡ ಪದಗಳ ಹಾಗೆ ನಡೆದುಕೊಳ್ಳುತ್ತದೆ, ಭಾರತದಿಂದ ಬಂದ ಪದಗಳ ಹಾಗಲ್ಲ. ಎಲ್ಲರೂ ರೋಮಾ ಅಂತಲೇ ಹೇಳಿಕೊಳ್ಳುವುದೂ ಇಲ್ಲ. ಫಿನ್ಲೆಂಡಿನವರು ಕಾಲೆ, ಸ್ಪೇನಿನವರು ಕಾಲೋ, ನಮ್ಮ ಕಾಳ, ಕಾಲಾ ಅದೇ, ಕಪ್ಪು. ಫ್ರಾನ್ಸಿನ ಕಡೆ ಮಾನುಶ್. ಬಿಡಿಸಿ ಹೇಳಬೇಕಿಲ್ಲ.

ಬುಡಾ-ಪೆಸ್ಟ್-ಮಂಡ್ಯ
ತುಂಗಾತೀರ ಅವರೇ, ನಿಮ್ಮ ಆಫೀಸಿನವರು ಆ ಪದಕ್ಕೆ ಯಾಕೆ ಅಷ್ಟು ಹಿಂಜರಿದರು ಅನ್ನುವುದನ್ನು ಯಾರೂ ಬರೆದಿಲ್ಲ. ನಾಜಿಗಳ ಕಾಲದಲ್ಲಿ ಆಶ್ವಿಟ್ಸ್‌ನಲ್ಲಿ ಇವರ ಕೈಮೇಲೆ ಹಚ್ಚೆ ಹಾಕುತ್ತಿದ್ದ ಸಂಖ್ಯೆಯ ಮುಂದೆ ತ್ಸಿಗೊಯ್ನರ್ ಪದದ ಮೊದಲ ಅಕ್ಷರ ಇರುತ್ತಿತ್ತು. 1944ರ ಆಗಸ್ಟ್ 2ರ ರಾತ್ರಿ ಆ ಶಿಬಿರದಲ್ಲಿ ಉಳಿದಿದ್ದ 4,000ಕ್ಕೂ ಹೆಚ್ಚು ಜನರನ್ನು ಕೊಂದರು. ಪಶ್ಚಿಮ ಜರ್ಮನಿ ಅದನ್ನು ನರಮೇಧ ಅಂತ ಅಧಿಕೃತವಾಗಿ ಒಪ್ಪಿದ್ದು 1982ರಲ್ಲಿ. ಹೆಸರು ಬದಲಾದರೆ ಏನಾಗುತ್ತದೆ ಅಂತ ಕೇಳುವವರಿಗೆ ಇದು ಗೊತ್ತಿರಲಿ.

ರೊಮೇನಿಯಾದಲ್ಲೂ ಅಷ್ಟೇ. ಅಲ್ಲಿ 1850ರ ದಶಕದವರೆಗೆ ಇವರು ಗುಲಾಮರು, ಮಠಗಳೂ ಜಮೀನ್ದಾರರೂ ಇವರನ್ನು ಕೊಂಡು ಮಾರುತ್ತಿದ್ದರು. ತ್ಸಿಗಾನ್ ಅಂದರೆ ಗುಲಾಮ ಅಂತಲೇ ಅರ್ಥ ಆಗಿಹೋಗಿತ್ತು. ಈಗ ಅಲ್ಲಿಯ ಕೆಲವರಿಗೆ ಬೇರೆ ತಲೆನೋವು. ರೋಮಾ, ರೊಮೇನಿಯಾ ಒಂದೇ ಅಂತ ಜಗತ್ತು ತಿಳಿಯುತ್ತದಲ್ಲ, ಅದಕ್ಕೆ 2010ರಲ್ಲಿ ಅಧಿಕೃತ ಹೆಸರನ್ನು ಮತ್ತೆ ತ್ಸಿಗಾನ್ ಮಾಡಬೇಕು ಅಂತ ಪಾರ್ಲಿಮೆಂಟಿಗೆ ಮಸೂದೆ ತಂದರು. ಅದು ಬಿದ್ದುಹೋಯಿತು. ಗೊಂದಲ ಬೇಡ ಅಂತ ಅಲ್ಲಿ ಎರಡು ರ ಹಾಕಿ ಬರೆಯುವ ರೂಢಿಯೂ ಇದೆ. ಭಾಷೆಹುಚ್ಚು ಹೇಳಿದ ಒರಟು ರ ಅದೇ.

ಮೈಸೂರ್ ಮಲ್ಲಿಗೆ
ಇಂಗ್ಲೆಂಡಿನಲ್ಲಿ ಮಾತ್ರ ಜಿಪ್ಸಿ ಅಂತ ಅವರೇ ಹೇಳಿಕೊಳ್ಳುತ್ತಾರೆ. 2011ರ ಜನಗಣತಿಯಲ್ಲಿ "ಜಿಪ್ಸಿ ಅಥವಾ ಐರಿಷ್ ಟ್ರಾವೆಲರ್" ಅಂತ ಇತ್ತು, 2021ರಲ್ಲಿ ರೋಮಾ ಅಂತ ಬೇರೆ ಸೇರಿಸಿದರು. ಐರಿಷ್ ಟ್ರಾವೆಲರುಗಳಿಗೂ ಭಾರತಕ್ಕೂ ಸಂಬಂಧ ಇಲ್ಲ, ಅವರು ಐರ್ಲೆಂಡಿನವರೇ.

ರಾಯಚೂರ್ ಬಿಸಿಲು
ನಮ್ಮ ಸರ್ಕಾರ ಏನಾದರೂ ಮಾಡಿದೆಯಾ ಇವರಿಗೆ?

ಪುಸ್ತಕದ ಹುಳು
ಮಾತು ಜಾಸ್ತಿ, ಕೆಲಸ ಕಡಿಮೆ. ರಾಜತಾಂತ್ರಿಕರಾಗಿದ್ದ ಡಬ್ಲ್ಯು. ಆರ್. ರಿಷಿ ಚಂಡೀಗಢದಲ್ಲಿ ರೋಮಾನಿ ಅಧ್ಯಯನದ ಸಂಸ್ಥೆ ಕಟ್ಟಿದರು. 1983ರ ರೋಮಾ ಉತ್ಸವಕ್ಕೆ ಇಂದಿರಾ ಗಾಂಧಿ ಬಂದಿದ್ದರು. 2016ರಲ್ಲಿ ದೆಹಲಿಯ ಸಮ್ಮೇಳನದಲ್ಲಿ ಸುಷ್ಮಾ ಸ್ವರಾಜ್ ರೋಮಾ ಜನರನ್ನು ಭಾರತದ ಮಕ್ಕಳು ಅಂತ ಕರೆದರು. ಅವರ ಬಾವುಟ ನೋಡಿ, ಮೇಲೆ ನೀಲಿ, ಕೆಳಗೆ ಹಸಿರು, ನಡುವೆ 16 ಅರಗಳ ಕೆಂಪು ಚಕ್ರ. ನಮ್ಮ ಅಶೋಕ ಚಕ್ರದ ನೆನಪು ಬರುತ್ತದೆ. 1971ರ ಏಪ್ರಿಲ್‌ನಲ್ಲಿ ಲಂಡನ್ ಹತ್ತಿರ ನಡೆದ ಮೊದಲ ವಿಶ್ವ ರೋಮಾನಿ ಸಮ್ಮೇಳನದಲ್ಲಿ ಬಾವುಟವನ್ನು ಒಪ್ಪಿದರು. ಹೊರಗಿನವರು ಇಟ್ಟ ಹೆಸರುಗಳು ಬೇಡ, ರೋಮಾ ಅನ್ನಿ ಅಂತ ಹೇಳಿದ್ದೂ ಅಲ್ಲೇ. ಅದಕ್ಕೇ ಏಪ್ರಿಲ್ 8 ರೋಮಾ ದಿನ.

ತುಂಗಾತೀರ
ಎಲ್ಲರಿಗೂ ಧನ್ಯವಾದ. ಒಂದೇ ಅನುಮಾನ ಉಳಿದಿದೆ. ಕನ್ನಡದಲ್ಲಿ ಬರೆಯುವುದು ಹೇಗೆ? ರೋಮ ಅಂದರೆ ಮೈಮೇಲಿನ ಕೂದಲು, ರೋಮನ್ನರು ಅಂದರೆ ಸೀಸರನ ಕಡೆಯವರು.

ಮೈಸೂರ್ ಮಲ್ಲಿಗೆ
ಅಲೆಮಾರಿಗಳು ಅಂದರೆ ಆಗಲ್ವಾ? ಎಲ್ಲರಿಗೂ ಅರ್ಥ ಆಗುತ್ತದೆ.

ತಾಂಡಾದ ಹುಡುಗ
ಆಗಲ್ಲ. ಯುರೋಪಿನ ರೋಮಾ ಜನರಲ್ಲಿ ಬಹುಪಾಲು ಮಂದಿ ಊರು ಮನೆ ಅಂತ ನೆಲೆನಿಂತವರು. ಮನೆ ಕಟ್ಟಿಕೊಂಡವನನ್ನೂ ಅಲೆಮಾರಿ ಅನ್ನುವುದು ನಮಗೆ ಸಾಕಷ್ಟು ಅಭ್ಯಾಸ ಆಗಿದೆ, ಅವರಿಗೂ ಯಾಕೆ?

ಕಾಫಿಪುಡಿ
ದೀರ್ಘ ಕೊಟ್ಟು ರೋಮಾಗಳು ಅನ್ನಿ, ಮುಗಿಯಿತು.

ಭಾಷೆಹುಚ್ಚು
ರೋಮಾ ಅನ್ನುವುದೇ ಬಹುವಚನ, ಅದರ ಮೇಲೆ ಇನ್ನೊಂದು ಗಳು ಯಾಕೆ?

ಕಾಸರಗೋಡು ಕನ್ನಡಿಗ
ಕನ್ನಡಕ್ಕೆ ಬಂದ ಮೇಲೆ ಕನ್ನಡದ ವ್ಯಾಕರಣ. ಡೇಟಾಗಳು ಅಂತ ದಿನಾ ಬರೆಯುತ್ತೀರಲ್ಲ, ಅದಕ್ಕೆ ಯಾರೂ ತಕರಾರು ಮಾಡಲ್ಲ.

ಹಗ್ಗದ ಮೇಲೆ
ಡೇಟಾಗೆ ಗಳು ಸರಿ. ಮನುಷ್ಯರಿಗೆ ಬೇಡ. ರೋಮಾದವರು ಅನ್ನಿ, ಇಲ್ಲಾ ರೋಮಾ ಜನ.